ಐದನೇ ಆಟದ ಕೊನೆ

ಲಿಂಗಸುಗೂರು
21 ನವೆಂಬರ್ 2024, ಗುರುವಾರ

ಸಿಟ್ಟು ಇನ್ನೂ ಪೂರ್ತಿ ಇಳಿಯದಿದ್ದರೂ ಪ್ರೀತಿಯ ನಿಮಗೆ,

ಹೊಡೆದುಹಾಕಿದೆ ರೀ! ಮುದುಕನನ್ನು ಹೊಡೆದುಹಾಕಿದೆ! ನಾನೇ, ನಿಮ್ಮ ಹೆಂಡತಿ ಸುಕನ್ಯಾ. ಜಾಯ್‌ಸ್ಟಿಕ್ ಯಾವ ಕಡೆಯಿಂದ ಹಿಡಿಯಬೇಕೆಂದೇ ಗೊತ್ತಿಲ್ಲದವಳು ಎಂದು ಗೆಳೆಯರ ಮುಂದೆ ನಗುತ್ತಿದ್ದಿರಲ್ಲ, ಅದೇ ನಾನು. 'ಆ್ಯಶ್ ಲ್ಯಾಂಟರ್ನ್' ಐದನೇ ಆಟ, ಕೊನೆಯ ಲೆವೆಲ್, ಸುಟ್ಟ ಗುಡಿಯ ಅಂಗಳದಲ್ಲಿ ಕತ್ತಿ ಹಿಡಿದು ನಿಂತ ಆ ಮುದುಕ ಗುರು. ನಿನ್ನೆ ಸಂಜೆ ಬಿದ್ದ. ಇವತ್ತು ಶಾಲೆಯಲ್ಲಿ ಏಳನೇ ತರಗತಿಗೆ ಭಿನ್ನರಾಶಿ ಹೇಳಿಕೊಡುವಾಗಲೂ ನನ್ನ ಹೆಬ್ಬೆರಳು ಸುಮ್ಮನಿರಲಿಲ್ಲ, ಚಾಕ್‌ಪೀಸಿನ ಮೇಲೆ ಕುಣಿಯುತ್ತಲೇ ಇತ್ತು.

ಫೋನಿನಲ್ಲೇ ಹೇಳಬಹುದಿತ್ತು ನಿಜ. ಆದರೆ ಫೋನ್ ಹಚ್ಚಿದರೆ ನೀವು "ಬರ್ತಿಯೋ ಇಲ್ಲೋ, ಅಷ್ಟ ಹೇಳು" ಎನ್ನುತ್ತೀರಿ. ನಾಲ್ಕು ಮಾತು ಆಡುವಷ್ಟರಲ್ಲಿ "ಮುಂದ?" ಎನ್ನುತ್ತೀರಿ. ಅದಕ್ಕೇ ಈ ಕಾಗದ. ಇದನ್ನು ನಿಮ್ಮ ಅವ್ವನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಸಿಂಧನೂರಿಗೆ ಬಂದು, ಅಂಗಡಿಯ ಶಟರ್ ಅರ್ಧ ಇಳಿಸಿ, ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿಸುತ್ತಾರಂತೆ. ಒಂದು ಸಾಲು ಹಾರಿಸಿದರೂ ಅವರಿಗೆ ಗೊತ್ತಾಗುತ್ತದೆ. ಏನೇನು ಬರೆಯಬೇಕೆಂದು ಅರ್ಧ ಅವರೇ ಹೇಳಿದ್ದಾರೆ.

ಇನ್ನೊಂದು ಸುದ್ದಿ. ಅತ್ತೆಯ ಮೊಣಕಾಲಿಗೆ ಏನೂ ಆಗಿಲ್ಲ. ಸೊಸೆಗೆ ಬುದ್ಧಿ ಹೇಳಿ ಕರೆದುಕೊಂಡು ಬಾ ಎಂದು ನೀವು ಎರಡು ದಿನಕ್ಕೆ ಕಳಿಸಿದಿರಿ. ಅವರು ಬಂದ ದಿನ ನಾನು ಎರಡನೇ ಆಟದಲ್ಲಿದ್ದೆ. ನಮ್ಮ ಶಾಲೆಯ ಶಂಶಾದ್‌ಬೀ ಟೀಚರ್ ಇದ್ದಾರಲ್ಲ, ಅವರ ತಮ್ಮನ ಹಳೆಯ ಗೇಮ್ ಮಷೀನು ಅಲಮಾರಿಯ ಮೇಲೆ ಧೂಳು ತಿನ್ನುತ್ತಿತ್ತು, ಐದೂ ಡಿಸ್ಕ್ ಸಮೇತ ತಂದುಕೊಟ್ಟಿದ್ದರು. ಅತ್ತೆ ಮಂಚದ ಮೇಲೆ ಕೂತವರೇ, "ಗಂಡ ಆಟ ಆಡಿದ್ನಂತ ಯಾರರ ಮನಿ ಬಿಟ್ಟು ಬರ್ತಾರೇನ್ ಬೇ?" ಎಂದು ಶುರುಮಾಡಿದರು. ಮಾಡಿದವರು ಟಿವಿ ಕಡೆ ನೋಡಿ, "ಇವ ಯಾರು? ಹಗಲೊತ್ನ್ಯಾಗ ಕೈಯಾಗ ಕಂದೀಲು ಯಾಕ ಹಿಡ್ಕೊಂಡಾನ?" ಎಂದರು.

ಮುಗಿಯಿತು ನೋಡಿ ಬುದ್ಧಿಮಾತು! ಇವನ ಹೆಸರು ರೆವನ್, ಇವನ ಊರಿಗೆ ಯಾರೋ ಬೆಂಕಿ ಇಟ್ಟರು, ಬದುಕುಳಿದವನು ಇವನೊಬ್ಬನೇ, ಒಬ್ಬ ಮುದುಕ ಇವನನ್ನು ಸಾಕಿ ಕತ್ತಿವರಸೆ ಕಲಿಸಿದ, ಈಗ ಆ ಗುರು ಕಾಣೆಯಾಗಿದ್ದಾನೆ, ಹುಡುಕಿಕೊಂಡು ಹೊರಟಿದ್ದಾನೆ ಎಂದೆ. ಶ್ರಾವಣದಲ್ಲಿ ಮಠದ ಪುರಾಣ ಒಂದು ದಿನವೂ ತಪ್ಪಿಸದ ಜೀವ ಅದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಟಿವಿಯ ಮುಂದೆ ಬಂದು ಕೂತರು. ರೆವನ್ ಅವರ ಬಾಯಲ್ಲಿ ರೇವಣ ಆದ. "ನಮ್ಮ ರೇವಣನ ಗುರು ಎಲ್ಲಿ ಹೋದ ಅಂತ ತಿಳೀಲಾರದ ನಾ ಊರಿಗೆ ಹೋಗೋದಿಲ್ಲ" ಎಂದು ಹಟ ಹಿಡಿದರು. ಅವತ್ತಿನಿಂದ ನೀವು ಫೋನ್ ಮಾಡಿದಾಗಲೆಲ್ಲ ಅವರಿಗೆ ಮೊಣಕಾಲು ನೋವು. ನಮ್ಮ ಅವ್ವನೂ ಈ ಕಳ್ಳತನದಲ್ಲಿ ಸೇರಿದ್ದಾಳೆ, ಹಿನ್ನೆಲೆಯಲ್ಲಿ "ಎಣ್ಣಿ ಹಚ್ಚಲೇನ್ರೀ ಬೀಗರ?" ಎಂದು ಕೂಗುತ್ತಿದ್ದವಳು ಅವಳೇ.

ಇರಲಿ, ಜಗಳದ ವಿಷಯಕ್ಕೆ ಬರುತ್ತೇನೆ. ಕಳೆದ ಚಳಿಗಾಲ ನೆನಪಿದೆಯಾ? ಹೊಡೆದಾಟ ನಿಮ್ಮದು, ಕಥೆ ನನ್ನದು ಎಂದು ಪಾಲು ಮಾಡಿಕೊಂಡಿದ್ದೆವು. ನೀವು ಟಿವಿಯ ಮುಂದೆ, ನಾನು ಒಲೆಯ ಮುಂದೆ. ಒಂದು ಲೆವೆಲ್ ಮುಗಿದು ಕಥೆಯ ದೃಶ್ಯ ಶುರುವಾದರೆ ಸಾಕು, "ಸುಕನ್ಯಾ, ಕಥಿ ಬಂತು!" ಎಂದು ಕೂಗುತ್ತಿದ್ದಿರಿ. ನಾನು ಜೋಳದ ಹಿಟ್ಟಿನ ಕೈಯಲ್ಲೇ ಓಡಿಬರುತ್ತಿದ್ದೆ. ಮದುವೆಯಾದ ಮೇಲೆ ನನಗೆ ಅಷ್ಟು ಖುಷಿ ಕೊಟ್ಟದ್ದು ಬೇರೇನೂ ಇಲ್ಲ, ಬೇಕಾದರೆ ನಗಿ. ಮಾವನವರು ತೀರಿಕೊಂಡ ಮೇಲೆ ಆ ಕೂಗು ನಿಂತುಹೋಯಿತು. ದೃಶ್ಯ ಬಂದರೆ ಬಟನ್ ಒತ್ತಿ ಹಾರಿಸುವುದು, ಸ್ಕಿಪ್. ನಾನು ಶಾಲೆಯ ಸುದ್ದಿ ತೆಗೆದರೆ "ಮುಂದ?". ರಾತ್ರಿ ಊಟಕ್ಕೆ ಕೂತಾಗ ಮಾವನವರ ಮಾತು ಬಂದರೆ ತಟ್ಟೆ ಬಿಟ್ಟು ಏಳುವುದು. ಆಮೇಲೆ ಮೇ ತಿಂಗಳ ಆ ದಿನ. ಐದನೇ ಆಟದ ಕೊನೆಯ ದೃಶ್ಯ. ಊರಿಗೆ ಬೆಂಕಿ ಇಟ್ಟವನು ಆ ಗುರುವೇ ಎಂದು ಆಗಷ್ಟೇ ತಿಳಿದಿತ್ತು, ಯಾಕೆ ಇಟ್ಟ ಎಂದು ಸಾಯುವಾಗ ಹೇಳುವವನಿದ್ದ. ನಾನು ಓಡಿಬಂದು ಬಾಗಿಲಲ್ಲಿ ನಿಂತಿದ್ದೇನೆ, ರೆವನ್ ಮಂಡಿಯೂರುತ್ತಿದ್ದಾನೆ, ನೀವು ಬಟನ್ ಒತ್ತಿಬಿಟ್ಟಿರಿ! ಕೇಳಿದರೆ, "ಸತ್ತ, ಮುಗೀತು. ಏನೈತಿ ಅದ್ರಾಗ ನೋಡೋದು?" ಎಂದಿರಿ. ನನ್ನ ತಲೆ ತಿರುಗಿತು. ಬೆಳಗಾಗುತ್ತಲೇ ಬ್ಯಾಗು ತುಂಬಿದೆ.

ಇದನ್ನು ಹಿರಿಯರಿಗೆ ಹೇಗೆ ಹೇಳುವುದು ಹೇಳಿ. ಹೋದ ಸಲ ಮಸ್ಕಿಯಲ್ಲಿ ಎರಡೂ ಕಡೆಯವರು ಕೂಡಿದಾಗ ಗಂಗಾಧರ ಮಾವ ನನ್ನನ್ನು ಒಳಗೆ ಕರೆದು, "ಹೊಡದಾನೇನವ್ವ? ಕುಡೀತಾನೇನು?" ಎಂದು ಕೇಳಿದರು. ನಮ್ಮ ಸಂಬಂಧ ಕುದುರಿಸಿದವರು, ಪಾಪ, ಅವರಿಗೆ ಎರಡೂ ಕಡೆಯ ಸಂಕಟ. "ಸ್ಕಿಪ್ ಮಾಡ್ತಾರ ಮಾವ" ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಅದು ಯಾವ ಚಟ ಎಂದು ಕೇಳಿದರು. ನಾನು ಅಳುತ್ತಿದ್ದವಳು ನಕ್ಕುಬಿಟ್ಟೆ. ಆಟಕ್ಕಾಗಿ ಮನೆ ಬಿಟ್ಟವಳಲ್ಲ ರೀ ನಾನು. ನಿಮ್ಮ ಪಕ್ಕದಲ್ಲಿದ್ದೂ ನಾನು ಇಲ್ಲದ ಹಾಗೆ ಆಗಿತ್ತು, ಅದನ್ನು ತಡೆಯಲಾಗಲಿಲ್ಲ.

ಈಗ ನಿನ್ನೆಯ ಸಂಜೆಗೆ ಬನ್ನಿ! ನಾನು ಏನು ತಿಳಿದಿದ್ದೆ ಗೊತ್ತಾ? ಕಥೆಯೆಲ್ಲ ದೃಶ್ಯದಲ್ಲಿದೆ, ನೀವು ಆಡುವುದು ಬರೀ ಢಿಶುಂ ಢಿಶುಂ ಎಂದು. ಮುದುಕನ ಕೈಯಲ್ಲಿ ಎಷ್ಟು ಸಲ ಸತ್ತೆನೋ ಲೆಕ್ಕವಿಲ್ಲ. ಇದ್ದಬದ್ದ ದೊಡ್ಡ ಆಯುಧ, ಬೆಂಕಿ ಬಾಣ, ಎಲ್ಲ ಬಳಸಿದೆ. ಒಂದೂ ನಾಟಲಿಲ್ಲ. ಬೇಜಾರಾಗಿ ಸುಮ್ಮನೆ ಅವನನ್ನೇ ನೋಡುತ್ತ ಕೂತೆ. ಕಂದೀಲು ಎತ್ತು, ಎಡಕ್ಕೆ ಸರಿ, ಕೆಳಗಿನಿಂದ ಬೀಸು. ಅರೆ! ಇದು ಮೊದಲನೇ ಆಟದಲ್ಲಿ, ರೆವನ್ ಇನ್ನೂ ಏನೂ ಬಾರದವನಿದ್ದಾಗ, ಇದೇ ಮುದುಕ ಕಲಿಸಿದ ಮೊದಲ ಪಾಠ! ಅದೇ ಮೂರು ಪಟ್ಟು, ಅದೇ ಸರತಿ. ಅವನು ಕಲಿಸಿದಂತೆಯೇ ಉತ್ತರ ಕೊಟ್ಟೆ. ಮುದುಕ ಒಂದು ಹೆಜ್ಜೆ ಹಿಂದೆ ಸರಿದು ತಲೆಯಾಡಿಸಿದ. ಅಷ್ಟೇ ಅಷ್ಟು, ಕಂಡೂ ಕಾಣದ ಹಾಗೆ. ಆಮೇಲೆ ಎರಡನೇ ಪಾಠ. ನಾನು ತಡಮಾಡಿದರೆ ಅವನು ಕಾಯುತ್ತಾನೆ ರೀ! ಕತ್ತಿ ಎತ್ತಿ ನಿಂತು ಕಾಯುತ್ತಾನೆ! ನಾನು ಮೇಷ್ಟರಮ್ಮ, ನನಗೆ ಗೊತ್ತಾಗದೆ ಇರುತ್ತದಾ? ಅವನು ಹೊಡೆಯುತ್ತಿಲ್ಲ, ಪಾಠ ಒಪ್ಪಿಸಿಕೊಳ್ಳುತ್ತಿದ್ದಾನೆ! ಇದನ್ನು ಆಟದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಡಿದ ಬೆರಳಿಗೆ ಮಾತ್ರ ತಿಳಿಯುತ್ತದೆ. ನಾನು ಕಿರುಚಿದ ರಭಸಕ್ಕೆ ಅವ್ವ ಹಿತ್ತಲಿಂದ ಓಡಿಬಂದು, ಆಟ ಎಂದು ತಿಳಿದು ಬೈಯುತ್ತ ಮರಳಿ ಹೋದಳು.

ಅತ್ತೆಗೆ ಬಿಡಿಸಿ ಹೇಳಿದೆ. ಅವರು ಟಿವಿಯ ಹತ್ತಿರ ಹೋಗಿ ಮುದುಕನ ಮುಖವನ್ನೇ ನೋಡಿದರು. "ನಿಮ್ಮ ಮಾವ ಗೊರೇಬಾಳದ ಹೊಲದಾಗ ನಿನ್ನ ಗಂಡಗ ಟ್ರ್ಯಾಕ್ಟರ್ ಕಲಸೋ ಮುಂದ ಹಿಂಗ ಮಾಡ್ತಿದ್ರು. ಬೈಕೋಂತ ಬೈಕೋಂತ ಮಗ್ಗಲಿಗೆ ಕುಂದರೋರು, ಸ್ಟೇರಿಂಗ್ ಮಾತ್ರ ಮುಟ್ಟತಿದ್ದಿಲ್ಲ" ಎಂದರು. ಕಣ್ಣೊರೆಸಿಕೊಂಡು, ಚಹಾ ಇಡುತ್ತೇನೆಂದು ಒಳಗೆ ಹೋದರು.

ನಿಮಗೆ ಇದೆಲ್ಲ ಗೊತ್ತಿತ್ತು. ಅವನೆದುರು ನಿಂತು ಆಡಿದವರು ನೀವು. ಒಂದು ಮಾತು ಹೇಳಬಾರದಿತ್ತಾ? "ಬಾ ಇಲ್ಲಿ, ಈ ಮುದುಕ ಏನು ಮಾಡಾಕತ್ತಾನ ನೋಡು" ಎಂದಿದ್ದರೆ ರೊಟ್ಟಿ ಸೀದುಹೋಗಲಿ ಎಂದು ಬಂದು ಕೂರುತ್ತಿದ್ದೆ. ಇದನ್ನು ಓದಿ ಸುಕನ್ಯಾ ಸೋತಳು ಎಂದು ಮೀಸೆ ತಿರುವಬೇಡಿ. ಸ್ಕಿಪ್ ಮಾಡಿದ್ದು ತಪ್ಪೇ, ಆ ತಪ್ಪು ನಿಮ್ಮದೇ.

ಈಗ ನನ್ನ ಷರತ್ತು. ಭಾನುವಾರ ಮಸ್ಕಿಯಲ್ಲಿ ಎರಡೂ ಕಡೆಯವರು ಕೂಡುತ್ತಾರೆ. ಇದೇ ಕೊನೆಯ ಸಲ, ಕೂಡಿ ಇರುತ್ತೀರೋ ಬಿಡುತ್ತೀರೋ ಹೇಳಿಬಿಡಿ ಎಂದು ಗಂಗಾಧರ ಮಾವ ಖಡಾಖಂಡಿತ ಹೇಳಿದ್ದಾರೆ. ಅದಕ್ಕೆ ಮುಂಚೆ ಶನಿವಾರ ನೀವು ಅತ್ತೆಯನ್ನು ಕರೆದುಕೊಂಡು ಇಲ್ಲಿಗೆ ಬರಬೇಕು. ನಿನ್ನೆ ಮುದುಕ ಬೀಳುವಾಗ ಅತ್ತೆ ಅಡುಗೆಮನೆಯಲ್ಲಿದ್ದರು, ಆಮೇಲೆ ಕರೆಂಟೂ ಕೈಕೊಟ್ಟಿತು, ಹೀಗಾಗಿ ಕೊನೆ ಕಂಡವಳು ನಾನೊಬ್ಬಳೇ. ಅವನು ಊರಿಗೆ ಬೆಂಕಿ ಯಾಕೆ ಇಟ್ಟ ಎಂದು ನನ್ನ ಬಾಯಿಂದ ಕೇಳಬೇಕು. ಮಧ್ಯೆ "ಮುಂದ?" ಎನ್ನದೆ, ಮೊಬೈಲ್ ತೆಗೆಯದೆ, ಕೊನೆತನಕ ಕೂತು ಕೇಳಿದರೆ ಭಾನುವಾರ ಬ್ಯಾಗು ಸಮೇತ ಮಸ್ಕಿಗೆ ಬರುತ್ತೇನೆ. ಕೇಳದಿದ್ದರೆ ಬರೀ ಕೈಯಲ್ಲಿ ಬರುತ್ತೇನೆ, ಗಂಗಾಧರ ಮಾವನಿಗೆ ಹೇಳಬೇಕಾದ್ದನ್ನು ಹೇಳುತ್ತೇನೆ. ಅತ್ತೆಯೂ ಇದಕ್ಕೆ ಒಪ್ಪಿದ್ದಾರೆ. "ಬರ್ಲಿಲ್ಲಂದ್ರ ನಾನೂ ತಿರುಗಿ ಇಲ್ಲೇ ಬಂದು ಇರ್ತೀನಿ, ಅವನ ರೊಟ್ಟಿ ಅವನೇ ಬಡಕೊಳ್ಳಲಿ" ಎಂದೂ ಬರೆಯಲು ಹೇಳಿದರು. ಬರೆದಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮವಳೇ, ಸದ್ಯಕ್ಕೆ,
ಸುಕನ್ಯಾ

ತಾ.ಕ.: ಇದಿಷ್ಟನ್ನು ಗಟ್ಟಿಯಾಗಿ ಓದಬೇಡಿ, ಮನಸ್ಸಿನಲ್ಲೇ ಓದಿಕೊಳ್ಳಿ. ಅತ್ತೆ ಕೇಳಿದರೆ ಕಾಗದ ಮುಗಿಯಿತು ಎನ್ನಿ.

ಕೊನೆಯನ್ನು ನಾನು ನೋಡಿಲ್ಲ ರೀ. ಮುದುಕ ಬಿದ್ದ. ರೆವನ್ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಮುದುಕ ಏನೋ ಹೇಳಲು ಬಾಯಿ ತೆರೆದ. ಅಷ್ಟು ಪಾಠ ಒಪ್ಪಿಸಿಕೊಂಡವನು ಸಾಯುವುದನ್ನು ನೋಡಲು ನನ್ನಿಂದಾಗಲಿಲ್ಲ. ಸ್ಕಿಪ್ ಒತ್ತಿಬಿಟ್ಟೆ. ಇದಕ್ಕೇ ಗಂಡನ ಮನೆ ಬಿಟ್ಟು ಬಂದ ನಾನು! ಟಿವಿಯ ಸ್ವಿಚ್ ಆರಿಸಿ ಕೂತಿದ್ದಾಗ ಅತ್ತೆ ಚಹಾ ತಂದು, "ಏನಂದ ಮುದುಕ?" ಎಂದು ಕೇಳಿದರು. ಕರೆಂಟ್ ಹೋಯಿತು ಎಂದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಅವರು ಒಮ್ಮೆ ಫ್ಯಾನ್ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಚಹಾ ಕೈಗೆ ಕೊಟ್ಟು ಪಕ್ಕದಲ್ಲಿ ಕೂತರು.

ಮಾವನವರಿಗೆ ಮಣ್ಣು ಕೊಟ್ಟ ದಿನವೂ ನೀವು ಅಳಲಿಲ್ಲ. ಮೇ ತಿಂಗಳ ಆ ಸಂಜೆ ನೀವು ಯಾರನ್ನು ನೋಡಲಾರದೆ ಬಟನ್ ಒತ್ತಿದಿರಿ ಎಂದು ನನಗೆ ನಿನ್ನೆ ತಿಳಿಯಿತು. ಶನಿವಾರ ಬನ್ನಿ. ನೀವು ಆಡಿ, ನಾನು ಮೊದಲಿನಿಂದಲೇ ಪಕ್ಕದಲ್ಲಿ ಕೂರುತ್ತೇನೆ, ಅತ್ತೆಯೂ ಇರುತ್ತಾರೆ. ಮುದುಕ ಏನು ಹೇಳುತ್ತಾನೋ ಮೂವರೂ ಕೂಡಿ ಕೇಳೋಣ. ಅಳು ಬಂದರೆ ಬರಲಿ. ಬ್ಯಾಗು ನಾನು ನಿನ್ನೆ ರಾತ್ರಿಯೇ ತುಂಬಿಟ್ಟಿದ್ದೇನೆ.