ಚಪ್ಪಾಳೆ ತಟ್ಟಿದ ಕೈಗಳು

ಭಾನುವಾರ, ಮಧ್ಯಾಹ್ನ

ಮಗಳ ಮನೆಯ ಹಜಾರದಲ್ಲಿ ನೆರೆದಿರುವ ಸಮಸ್ತ ಸಭಿಕರೇ! ಅಂದರೆ ನನ್ನ ಪುಟ್ಟಿಯೇ, ಮಿತಭಾಷಿಗಳಾದ ಅಳಿಯಂದಿರೇ, ಸೋಫಾದ ಹಿಂದೆ ಅಡಗಿ ಕೇಳುತ್ತಿರುವ ಮೊಮ್ಮಗಳೇ! ಸದ್ದು ಮಾಡದೆ ಆಲಿಸಿರಿ.

ನಾವಿಬ್ಬರೂ ಕ್ಷೇಮ. ಅಮ್ಮ ಕಿಟಕಿಯ ಪಕ್ಕ ಕಾಲು ಚಾಚಿ ಕೂತು ನಿನ್ನ ಮಗಳ ಫ್ರಾಕಿಗೆ ಗುಂಡಿ ಹೊಲಿಯುತ್ತಿದ್ದಾಳೆ. ಹೊಲಿಗೆ ಅಂಗಡಿಗೆ ಈಗ ಹೋಗುತ್ತಿಲ್ಲ. ಗೇಟಿನೆದುರು ಚರಂಡಿಯ ಚಪ್ಪಡಿ ಮುರಿದಿದೆ. ಮನೆಯಿಂದ ರಸ್ತೆಗೆ ಅದೊಂದೇ ದಾರಿ. ನಾನಿಟ್ಟ ಹಲಗೆಯನ್ನೂ ಯಾವನೋ ಪುಣ್ಯಾತ್ಮ ಎತ್ತಿಕೊಂಡು ಹೋದ. ನಾನೇನೋ ಹಾರಿ ದಾಟುತ್ತೇನೆ, ಅವಳಿಗಾಗದು. ಅಂಗಡಿಯಾಕೆ "ಅಕ್ಕ, ಬರೋ ತಿಂಗಳೂ ಬರದಿದ್ರೆ ಬೇರೆಯವ್ರನ್ನ ಕೂರಿಸ್ಕೊಳ್ತೀನಿ" ಎಂದು ಹೇಳಿ ಕಳಿಸಿದ್ದಾಳೆ.

ಚಪ್ಪಡಿ ಹಾಕಿಸುವುದು ಯಾರ ಕೈಯಲ್ಲಿದೆ? ನಮ್ಮ ಕೈಯಲ್ಲೇ! ಬಡಾವಣೆಯ ವೇದಿಕೆ ತಿಂಗಳಿಗೊಮ್ಮೆ ವಾಚನಾಲಯದ ಮಹಡಿಯಲ್ಲಿ ಸೇರುತ್ತದೆ. ಯಾವ ಬೇಡಿಕೆಗೆ ಹೆಚ್ಚು ಕೈ ಏಳುತ್ತವೋ ಆ ಕೆಲಸವನ್ನು ಪುರಸಭೆಯ ಇಂಜಿನಿಯರ್ ಮೊದಲು ಮಾಡಿಸಬೇಕು. ಬೀದಿದೀಪ ಬಂದದ್ದು ಹಾಗೆ, ಕಸದ ಗಾಡಿ ಹೊತ್ತಿಗೆ ಸರಿಯಾಗಿ ಬರುವಂತಾದದ್ದೂ ಹಾಗೆ. ಗೆದ್ದುಕೊಟ್ಟ ಕಂಠ ಯಾರದು? ಈ ನಾಟಕದ ಮೇಷ್ಟ್ರದ್ದೇ! ದೀಪಕ್ಕಾಗಿ ಕುರುಡು ರಾಜನಾಗಿ ತಡವರಿಸಿದೆ. ಕಸಕ್ಕಾಗಿ ಮೂಗು ಹಿಡಿದು ಮೂರ್ಛೆ ಹೋದೆ. ಜನ ಬಿದ್ದುಬಿದ್ದು ನಕ್ಕು ಕೈ ಎತ್ತಿದರು.

ಈ ಸಲ ಅಮ್ಮ ಮೊದಲೇ ತಡೆದಳು: "ರೀ, ನನ್ನ ವಿಷಯದಲ್ಲಿ ನಾಟಕ ಬೇಡ. ಇದ್ದದ್ದನ್ನ ಇದ್ದ ಹಾಗೆ ಹೇಳಿ ಕೂತ್ಕೊಳ್ಳಿ." ಆಗಲಿ ಎಂದೆ. ಸಭೆಯಲ್ಲಿ ಎದ್ದು ಎರಡೇ ವಾಕ್ಯ ಹೇಳಿದೆ. ಒಂದು, ಚಪ್ಪಡಿ ಹಾಕಿಸಿಕೊಡಿ ಎಂಬುದು. ಇನ್ನೊಂದನ್ನು ನಿನಗೆ ಬರೆಯಕೂಡದೆಂದು ಅಮ್ಮನ ಅಪ್ಪಣೆ. ಅದನ್ನು ಹೇಳುವಾಗ ಕಣ್ಣು ತುಂಬಿತು.

ಸಭೆ ಮುಂದಿನ ದೃಶ್ಯಕ್ಕಾಗಿ ಕಾಯಿತು. ಆಮೇಲೆ ಕಟಿಂಗ್ ಶಾಪಿನವನು "ಆಹಾ! ಏನ್ ಅಭಿನಯ ಮೇಷ್ಟ್ರೇ, ನಿಜವಾದ ಕಣ್ಣೀರು!" ಎಂದು ಕೂಗಿದ. ಚಪ್ಪಾಳೆಯೋ ಚಪ್ಪಾಳೆ! "ಮುಂದೇನಾಯ್ತು?" ಎಂದರು ಹಿಂದಿನ ಸಾಲಿನವರು. "ಅಷ್ಟೇ" ಎಂದೆ. ಅದಕ್ಕೂ ನಕ್ಕರು. "ನಿಜ ಹೇಳ್ತಿದೀನಿ ಕಣ್ರಪ್ಪಾ" ಎಂದೆ. ಪ್ರತಿ ಸಲವೂ ಹಾಗೇ ಅಂದವನಲ್ಲವೇ ನಾನು?

ಕೊನೆಗೆ ಕೈಗಳೆಲ್ಲ ಆಟದ ಮೈದಾನದ ನಲ್ಲಿಗೆ ಎದ್ದವು. ಚಪ್ಪಡಿಗೆ ಎದ್ದದ್ದು ನನ್ನವು ಮಾತ್ರ. ಎರಡನ್ನೂ ಎತ್ತಿದ್ದೆ. ಇಂಜಿನಿಯರ್ ನಗುತ್ತಾ "ಸಾರ್, ಒಂದನ್ನ ಇಳಿಸಿ" ಎಂದರು.

ಮನೆಗೆ ಬಂದರೆ ಅಮ್ಮನ ಮುಖ ಅರಳಿತ್ತು. "ಚಪ್ಪಾಳೆ ಇಲ್ಲೀವರೆಗೂ ಕೇಳಿಸ್ತು ಕಣ್ರೀ. ಗೆದ್ವಿ ತಾನೇ?" ಎಂದಳು. ಇಷ್ಟು ವರ್ಷ ರಂಗದ ಮೇಲೆ ಮೆರೆದ ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿ ಮುಖ ಮರೆಸಿಕೊಂಡೆ.

ಇಂತಿ,
ಮಾತು ಸೋತ ನಿನ್ನ ಅಪ್ಪ

ತಾ.ಕ.: ಅಪ್ಪಣೆ ಮೀರುತ್ತಿದ್ದೇನೆ. ಆ ಇನ್ನೊಂದು ವಾಕ್ಯ ಇದು: "ನನ್ನ ಹೆಂಡತಿ ಆ ಚರಂಡಿಯೊಳಗೆ ಬಿದ್ದು ಕಾಲು ಮುರಿದುಕೊಂಡಿದ್ದಾಳೆ." ಬಿದ್ದಾಗ ಬೀದಿಯಲ್ಲಿ ಯಾರೂ ಇರಲಿಲ್ಲ, ಆಮೇಲೂ ಸಭೆಯ ತನಕ ಯಾರಿಗೂ ಹೇಳಗೊಡಲಿಲ್ಲ ಅವಳು. ನೀನಾದರೂ ನಂಬು, ಪುಟ್ಟಿ. ಪ್ಲಾಸ್ಟರ್ ತೋರಿಸಲು ಆಸ್ಪತ್ರೆಗೆ ಕರೆದೊಯ್ಯಬೇಕು. ನಾಳೆ ಬೆಳಿಗ್ಗೆ ನಾನು ಮೊಣಕಾಲುದ್ದದ ಕೊಚ್ಚೆಗೆ ಇಳಿದು ನಿಂತು, ಅವಳನ್ನು ಎತ್ತಿ ಆಚೆ ದಡಕ್ಕೆ ದಾಟಿಸುತ್ತೇನೆ. ನೋಡಿದವರು ಚಪ್ಪಾಳೆ ತಟ್ಟದಿದ್ದರೆ ಸಾಕು.