ದೋಸೆಹಿಟ್ಟಿನ ಹದದ ಅಂಗಳ

ಕೊಂಢವಾ, ಪುಣೆ
ಮಾರ್ಚ್ 9, 2025, ಭಾನುವಾರ

ಪ್ರೀತಿಯ ಪ್ರೇಮಾ,

ಹೇಗಿದ್ದೀ? ನಿನ್ನ ಮೊಣಕಾಲು ನೋವು ಕಡಿಮೆಯಾಯಿತೇ? ಬಾಣಂತಿಗೆ ನೀರು ಕಾಯಿಸುವ ಗಡಿಬಿಡಿಯಲ್ಲಿ ನಿನ್ನ ಮಾತ್ರೆಗಳನ್ನು ಮರೆಯಬೇಡ. ಶ್ರದ್ಧಾ ಈಗ ಸರಿಯಾಗಿ ಊಟ ಮಾಡುತ್ತಿದ್ದಾಳೆಂದು ಅಳಿಯ ಪ್ರಣವ ಹೇಳಿದ. ಮೊಮ್ಮಗ ಎಲ್ಲರನ್ನೂ ಎಬ್ಬಿಸಿ ತಾನು ಮಲಗುತ್ತಾನಂತೆ, ಅದು ನಿನ್ನ ತವರಿನ ಕಡೆಯ ಗುಣ ಇರಬೇಕು. ನಾನು ಕ್ಷೇಮ. ಹೋಟೆಲೂ ಕ್ಷೇಮ. ಮೂವತ್ತು ವರ್ಷದಲ್ಲಿ ಒಂದು ಸಾಲೂ ಬರೆಯದ ಗಂಡ ಉಡುಪಿಗೆ ಕಾಗದ ಹಾಕಿದ್ದಾನೆಂದರೆ ಏನೋ ಎಡವಟ್ಟು ಮಾಡಿರಬೇಕೆಂದು ನೀನು ಲಕೋಟೆ ಒಡೆಯುವ ಮೊದಲೇ ಊಹಿಸಿರುತ್ತೀ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಒಂದು ವಾಕ್ಯ ಮುಗಿಸುವುದರೊಳಗೆ ನೀನು ಮೂರು ಪ್ರಶ್ನೆ ಕೇಳುತ್ತೀ, ನಾನು ಮೂರಕ್ಕೂ ಸುಳ್ಳು ಹೇಳಿಬಿಡುತ್ತೇನೆ. ಕಾಗದದಲ್ಲಿ ಆ ತೊಂದರೆ ಇಲ್ಲ.

ವಿಷಯ ನಮ್ಮ ಅಂಗಳದ್ದು. ಹಳೆಯ ಶಹಾಬಾದಿ ಕಲ್ಲುಗಳ ಮೇಲೆ ನೀನು ಎರಡು ಸಲ ಜಾರಿ ಬಿದ್ದಿದ್ದೀ, ಮಗು ಬರುವುದರೊಳಗೆ ಅವನ್ನು ಕೀಳಿಸಲೇಬೇಕಿತ್ತು. ಹೊರಡುವ ದಿನ ನೀನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಹಿಂದಿನ ಗಲ್ಲಿಯ ಮೇಸ್ತ್ರಿ ಅವ್ವಣ್ಣನ ಕೈಯಲ್ಲೇ ಮಾಡಿಸಿ, ಅವ ಹೇಳಿದ ಹಾಗೆ ಮಾಡಿ, ನೀವು ನಡುವೆ ಹೋಗ್ಬೇಡಿ ಮಾರಾಯ್ರೆ." ಮೂರರಲ್ಲಿ ಮೊದಲನೆಯದನ್ನು ಚಾಚೂ ತಪ್ಪದೆ ಪಾಲಿಸಿದೆ. ಅವ್ವಣ್ಣ ರಬ್ಬರಿನ ಅಚ್ಚುಗಳನ್ನು ತಂದು ತೋರಿಸಿದ. ಹಸಿ ಕಾಂಕ್ರೀಟಿನ ಮೇಲೆ ಬಣ್ಣದ ಪುಡಿ ಉದುರಿಸಿ ಅವನ್ನು ಒತ್ತಿದರೆ ಥೇಟ್ ಕಲ್ಲು ಹಾಸಿದಂತೆ ಕಾಣುತ್ತದೆ. ನಾನು ಇಟ್ಟಿಗೆ ಬಣ್ಣ ಆರಿಸಿದೆ. ಅಷ್ಟಕ್ಕೆ ಬಿಟ್ಟು ಹೋಟೆಲಿಗೆ ಹೋಗಿದ್ದರೆ ಈ ಕಾಗದವೇ ಇರುತ್ತಿರಲಿಲ್ಲ. ಹೋಗಲಿಲ್ಲ. ಇಷ್ಟು ವರ್ಷ ಹಿಟ್ಟಿನ ಹದ ನೋಡಿದ ಕಣ್ಣಿಗೆ ಅವನು ಕಲಸಿದ್ದು ತೀರ ಗಟ್ಟಿ ಕಂಡಿತು. ಒಳಗಿನಿಂದ ನಿನ್ನ ದೊಡ್ಡ ಸೌಟು ತಂದು ಒಂದು ಸೌಟು ಎತ್ತಿ ಸುರಿದು ನೋಡಿದೆ. ಮುದ್ದೆಯಾಗಿ ಬಿತ್ತು. ಇದು ಉದ್ದಿನ ವಡೆಯ ಹದ, ನೀರು ಹಾಕು ಎಂದೆ. "ಸಾಹೇಬ್ರ, ಇದು ಹಿಂಗ ಇರಬೇಕ್ರಿ. ನೀರ ಹೆಚ್ಚಾತಂದ್ರ ಒಣಗೂ ಮುಂದ ಭಾಳ ಕುಗ್ತದ, ಸೀಳ್ತದ" ಎಂದ. ಅವನು ಅಚ್ಚು ತರಲು ತಿರುಗಿದ್ದೇ ತಡ, ನಾನೇ ಎರಡು ಬಕೆಟ್ ಸುರಿದು ತಿರುವಿಬಿಟ್ಟೆ. ವಾಪಸು ಬಂದವನು ಹಣೆ ಚಚ್ಚಿಕೊಂಡ, ಇದನ್ನು ಚೆಲ್ಲಿ ಬೇರೆ ಕಲಸುತ್ತೇನೆ ಎಂದ. ಮನೆಯ ಯಜಮಾನ ನಾನೋ ನೀನೋ ಎಂದು ಕೇಳಿ ಅದನ್ನೇ ಹಾಕಿಸಿದೆ. ಮರುದಿನ ಬೆಳಿಗ್ಗೆ ಅವನು ಕತ್ತರಿಸುವ ಯಂತ್ರ ಹೊತ್ತು ಬಂದು, ಅಂಗಳಕ್ಕೆ ನಾಲ್ಕು ಕಡೆ ಗೀರು ಹಾಕಬೇಕೆಂದ. ಹೊಸ ಸೀರೆಗೆ ಯಾರಾದರೂ ಕತ್ತರಿ ಹಾಕುತ್ತಾರೆಯೇ? ಯಂತ್ರದ ಸಮೇತ ಅವನನ್ನು ವಾಪಸು ಕಳಿಸಿದೆ.

ಒಂದು ವಾರ ಅಂಗಳ ಫೋಟೋ ತೆಗೆಯುವ ಹಾಗಿತ್ತು, ನಿನಗೂ ಕಳಿಸಿದ್ದೆನಲ್ಲ. ಆಮೇಲೆ ನೀನು ಕೇಳಿದಾಗಲೆಲ್ಲ ಅದೇ ಹಳೆಯ ಫೋಟೋ ಕಳಿಸಿದೆ. ಏಕೆಂದರೆ ಹತ್ತನೇ ದಿನ ಅಂಗಳದ ಮೈತುಂಬ ಕೂದಲೆಳೆಯಂಥ ಗೆರೆಗಳು ಮೂಡಿದವು. ಎರಡು ದಿನ ಬಿಟ್ಟು ಗೇಟಿನ ಬಳಿ ಹುಟ್ಟಿದ ಒಂದು ದೊಡ್ಡ ಬಿರುಕು ನಿನ್ನ ತುಳಸಿಕಟ್ಟೆಯ ಬುಡದವರೆಗೂ ನಡೆದುಬಂತು. ಪಕ್ಕದ ಮನೆಯ ದಿಗಂಬರರಾಯರು ನಿನಗೆ ಗೊತ್ತಲ್ಲ, ಖಡಕಿಯ ಕಾರ್ಖಾನೆಯಿಂದ ನಿವೃತ್ತರಾದಮೇಲೆ ನಮ್ಮ ಮನೆಯನ್ನು ತಪಾಸಣೆ ಮಾಡುವುದೇ ಅವರ ಡ್ಯೂಟಿ. ಕಾಂಪೌಂಡಿನ ಮೇಲೆ ಕತ್ತು ಚಾಚಿ "ಹೇ ಕಾಯ್ ಝಾಲಂ, ಶೇಟ್?" ಎಂದರು. ಏನಾಯಿತೆಂದು ಕೇಳಿದವರಿಗೆ ನಾನೇ ಕೆಡಿಸಿದೆ ಎನ್ನಲು ನಾಲಗೆ ಏಳಲಿಲ್ಲ. ಗೌಂಡಿ ಸಿಮೆಂಟು ಕದ್ದ ಎಂದುಬಿಟ್ಟೆ. ಅದೂ ಗಲ್ಲಿಗೆಲ್ಲ ಕೇಳುವ ಹಾಗೆ. ಅವ್ವಣ್ಣ ಸರಿಯಾಗಿ ಕೆಲಸ ಮಾಡಲಿಲ್ಲವೆಂದು ನಿನಗೆ ಫೋನಿನಲ್ಲಿ ಹೇಳಿದ್ದೂ ಸುಳ್ಳು, ಪ್ರೇಮಾ. ದಿಗಂಬರರಾಯರು ತಮ್ಮ ಅಂಗಳದ ಕೆಲಸವನ್ನು ಅವನಿಗೇ ಒಪ್ಪಿಸಿದ್ದರು, ಆ ಸಂಜೆಯೇ ಬೇಡವೆಂದರು. ಅವರನ್ನು ನೋಡಿ ಎದುರುಮನೆಯವರೂ ಬೇಡವೆಂದರು.

ನಾನು ಮಾತ್ರ ಬಿಳಿ ಸಿಮೆಂಟು ತಂದು ಬಿರುಕನ್ನು ಮುಚ್ಚುತ್ತ ಕೂತಿದ್ದೆ. ಇಟ್ಟಿಗೆ ಬಣ್ಣದ ನೆಲಕ್ಕೆ ವಿಭೂತಿ ಬಳಿದ ಹಾಗಾಯಿತು. ನಾಲ್ಕೇ ದಿನದಲ್ಲಿ ಅದರ ಅಂಚೂ ಬಿಟ್ಟುಕೊಂಡಿತು. ಅದೇ ಹೊತ್ತಿಗೆ ಅವ್ವಣ್ಣನ ಹೆಂಡತಿ ಹುಲಿಗೆವ್ವ ಬಂದು, ಸಂಕ್ರಾಂತಿಗೆ ನೀನು ಎಳ್ಳುಂಡೆ ಹಾಕಿ ಕೊಟ್ಟಿದ್ದ ಸ್ಟೀಲ್ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೋದಳು. ತೆರೆದು ನೋಡಿದರೆ ಖಾಲಿ. ಇಷ್ಟು ವರ್ಷದಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನೋ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನೋ ಹಾಕದೆ ಅವಳು ನಮ್ಮ ಡಬ್ಬಿ ಹಿಂದಿರುಗಿಸಿದ್ದು ನಾನು ಕಂಡಿಲ್ಲ. ಬಿರುಕು ಕಂಡಾಗ ಆಗದಷ್ಟು ನಾಚಿಕೆ ನನಗೆ ಆ ಖಾಲಿ ಡಬ್ಬಿ ಕಂಡಾಗ ಆಯಿತು.

ಆ ಡಬ್ಬಿಗೆ ಹೋಟೆಲಿನ ಬನ್ಸ್ ತುಂಬಿಕೊಂಡು ಅವರ ಮನೆಗೆ ಹೋದೆ. ತಪ್ಪಾಯಿತು ಎಂದೆ. ಈ ಶಬ್ದವನ್ನು ನಿನ್ನೆದುರೂ ನಾನು ಹೆಚ್ಚು ಬಳಸಿಲ್ಲ. ಅವ್ವಣ್ಣ ಸಿಟ್ಟೂ ಮಾಡಲಿಲ್ಲ. "ನನಗ ಇಲ್ಲಿ ಹೇಳಿದ್ರ ಏನಾತ್ರಿ? ಕಳ್ಳ ಅಂತ ಕೂಗಿದ್ದು ಅಲ್ಲಿ. ಅಲ್ಲೇ ಹೇಳ್ರಿ" ಎಂದ. ಮರುದಿನ ಬೆಳಿಗ್ಗೆ ಕಾಂಪೌಂಡಿನ ಬಳಿ ನಿಂತು, ನನ್ನ ಹೋಟೆಲ್ ಮರಾಠಿಯಲ್ಲಿ, ಸೌಟು ಮತ್ತು ಎರಡು ಬಕೆಟ್ ನೀರಿನ ಕತೆಯನ್ನು ದಿಗಂಬರರಾಯರಿಗೆ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎದುರುಮನೆಯವರು ನಗಲು ಹೊರಗೇ ಬಂದರು. ಈಗ ಗಲ್ಲಿಯಲ್ಲಿ ನನ್ನ ಹೆಸರು ಡೋಸಾ ಇಂಜಿನಿಯರ್.

ಅವ್ವಣ್ಣ ಸಾಮಾನು ಹಿಡಿದು ಬಂದ. ಕಾಂಕ್ರೀಟು ಕುಗ್ಗಿಯೇ ಕುಗ್ಗುತ್ತದಂತೆ. "ಸೀಳಾಕ ನಾವ ಜಾಗ ಕೊಟ್ರ ಅಲ್ಲೇ ಸೀಳ್ತದ್ರಿ. ಕೊಡಲಿಲ್ಲಂದ್ರ ತನಗ ಬೇಕಾದಲ್ಲಿ ಸೀಳ್ತದ." ಗೀರು ಹಾಕುತ್ತೇನೆಂದದ್ದು ಅದಕ್ಕೆ. ಕೂದಲೆಳೆಯ ಗೆರೆಗಳಿಂದ ಅಪಾಯವಿಲ್ಲವೆಂದು ತೊಳೆದು ಒಣಗಿಸಿ, ನೀರು ಇಳಿಯದಂತೆ ಮೇಲೊಂದು ಲೇಪ ಕೊಟ್ಟ. ನನ್ನ ವಿಭೂತಿಯನ್ನೆಲ್ಲ ಕೆತ್ತಿ ಹಾಕಿದ. ದೊಡ್ಡ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ತಾರೀಖು ಬರೆದು, ಅದು ಬೆಳೆಯುತ್ತದೋ ನಿಂತಿದೆಯೋ ದಿನಾ ನೋಡಲು ನನ್ನನ್ನೇ ನೇಮಿಸಿದ್ದಾನೆ. ನಿಂತಿತೆಂದು ಖಾತ್ರಿಯಾದಮೇಲೆ ರಬ್ಬರಿನಂತೆ ಬಾಗುವ, ಅದೇ ಬಣ್ಣದ ಮಸಾಲೆ ತುಂಬುತ್ತಾನಂತೆ. ದಿನಾ ಬೆಳಿಗ್ಗೆ ನಾನು ತುಳಸಿಕಟ್ಟೆಯ ಬುಡದಲ್ಲಿ ಮೊಣಕಾಲೂರಿ ಕೂರುತ್ತೇನೆ. ದಾರಿಹೋಕರು ಭಕ್ತಿ ಎಂದುಕೊಂಡಿದ್ದಾರೆ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಶ್ರದ್ಧಾಳಿಗೂ ಪ್ರಣವನಿಗೂ ಆಶೀರ್ವಾದ. ಮಗುವಿಗೆ ಅಜ್ಜನ ಪರವಾಗಿ ಒಂದು ಮುತ್ತು ಕೊಡು, ಈ ಕಾಗದವನ್ನು ಮಾತ್ರ ಓದಿ ಹೇಳಬೇಡ.

ನಿನ್ನ,
ರಘುರಾಮ

ತಾ.ಕ.: ಅಸಲು ಮಾತು ಉಳಿದೇಹೋಯಿತು. ಯುಗಾದಿಗೆ ಬರುವವರು ಒಂದು ವಾರ ಮೊದಲೇ ಹೊರಟುಬನ್ನಿ. ದಿಗಂಬರರಾಯರು ಅವ್ವಣ್ಣನಿಗೆ ಕೆಲಸ ವಾಪಸು ಕೊಡಲು ಒಪ್ಪಿದ್ದಾರೆ, ಆದರೆ ವಹಿನಿ, ಅಂದರೆ ನೀನು, ಊರಿನಲ್ಲಿದ್ದರೆ ಮಾತ್ರವಂತೆ. 23ರಂದು ಅವರ ಅಂಗಳಕ್ಕೆ ಕಾಂಕ್ರೀಟ್ ಹಾಕಿ ಮುಗಿಯುವವರೆಗೂ ನೀನು ನನ್ನನ್ನು ಮನೆಯೊಳಗೆ ಕೂರಿಸಿಕೊಳ್ಳಬೇಕು. ನಾನು ಎಷ್ಟು ಆಣೆ ಹಾಕಿದರೂ ಯಾರೂ ನಂಬುತ್ತಿಲ್ಲ. ಅವ್ವಣ್ಣನ ಕೆಲಸ ಈಗ ನಿನ್ನ ಟಿಕೆಟಿನ ಮೇಲೆ ನಿಂತಿದೆ. ಡಬ್ಬಿ ನಿನ್ನೆ ಬಂತು, ತುಂಬ ಶೇಂಗಾ ಹಿಂಡಿ. ಸೌಟನ್ನು ಮಾತ್ರ ಹುಲಿಗೆವ್ವ ತೆಗೆದುಕೊಂಡು ಹೋಗಿದ್ದಾಳೆ, ನಿನ್ನ ಕೈಗೇ ಕೊಡುತ್ತಾಳಂತೆ.