ಅವನ ಜೇಬಿನಲ್ಲಿದ್ದ ಚೀಟಿಗಳು

ಭಾನುವಾರ, ಹದಿನೇಳನೇ ತಾರೀಕು

ಅಮ್ಮಾ,

ನಮಸ್ಕಾರ. ನಾನು ನಿಮ್ಮ ಮಗನ ಜೊತೆ ಕೆಲಸ ಮಾಡುತ್ತಿದ್ದ ಸರ್ಜನ್. ನಿಮಗೆ ಬರೆಯುವಾಗ ಅವನು ‘ನಮ್ಮ ಡಾಕ್ಟರಮ್ಮ’ ಎಂದು ನನ್ನನ್ನು ಹೊಗಳಿರಬಹುದು, ಬೈದಿರಬಹುದು. ಎರಡಕ್ಕೂ ಕಾರಣ ಕೊಟ್ಟವಳೇ ನಾನು.

ನಿಮ್ಮ ಪತ್ರ ಔಷಧಿ ಲಾರಿಯಲ್ಲಿ ಬಂದು ಹನ್ನೆರಡು ದಿನವಾಯಿತು. ಕೇಳಿದ್ದು ಎರಡೇ ಮಾತು: ಕೊನೆಗೆ ಏನಾದರೂ ಹೇಳಿದನಾ, ನೀರು ಕೇಳಿದನಾ. ಓದಿ ಮಡಚಿಡುತ್ತಿದ್ದೆ, ಮತ್ತೆ ಬಿಚ್ಚುತ್ತಿದ್ದೆ. ಸ್ಫೋಟವಾದ ಕ್ಷಣದಲ್ಲೇ ಪ್ರಾಣ ಹೋಯಿತು, ನೋವು ಗೊತ್ತಾಗಲಿಲ್ಲ ಎಂದು ನಮ್ಮ ಸಂಸ್ಥೆ ನಿಮಗೆ ಬರೆದಿದೆಯಲ್ಲ, ಅದು ನಿಜವಲ್ಲ. ನಿಮ್ಮ ಮಗ ಆಮೇಲೆ ಮೂರು ಗಂಟೆ ಬದುಕಿದ್ದ. ಎಚ್ಚರವಾಗಿದ್ದ. ಇದಕ್ಕಿಂತ ಮುಂದೆ ಓದುವುದು ಬೇಡ ಅನ್ನಿಸಿದರೆ ಇಲ್ಲೇ ನಿಲ್ಲಿಸಿಬಿಡಿ ಅಮ್ಮಾ. ನಾನು ತಪ್ಪು ತಿಳಿಯುವುದಿಲ್ಲ.

ನಮ್ಮ ಆಸ್ಪತ್ರೆ ಒಂದು ಶಾಲೆಯ ಕಟ್ಟಡದಲ್ಲಿದೆ. ಗೋಡೆಯ ಮೇಲೆ ಇನ್ನೂ ಮಗ್ಗಿ ಇದೆ. ಮಕ್ಕಳ ಬೆಂಚುಗಳನ್ನು ಎರಡೆರಡು ಜೋಡಿಸಿ ಮಂಚ ಮಾಡಿಕೊಂಡಿದ್ದೇವೆ. ಗಾಯಾಳುಗಳು ಒಟ್ಟಿಗೆ ಬಂದಾಗ ಯಾರನ್ನು ಮೊದಲು ನೋಡಬೇಕು ಅಂತ ಬಾಗಿಲಲ್ಲೇ ತೀರ್ಮಾನಿಸಿ, ಕೈಗೆ ಬಣ್ಣದ ಚೀಟಿ ಕಟ್ಟುವುದು ನಿಮ್ಮ ಮಗನ ಕೆಲಸ. ಹಸಿರು ಅಂದರೆ ಕಾಯಬಹುದು. ಕೆಂಪು ಅಂದರೆ ಈಗಲೇ ಒಳಗೆ. ಕಪ್ಪು ಅಂದರೆ ನಮ್ಮ ಕೈ ಮೀರಿದ್ದು. ಅವನಿಗೆ ನಾವು ಚೀಟಿ ಮೇಷ್ಟ್ರು ಅಂತಲೇ ಹೆಸರಿಟ್ಟಿದ್ದೆವು. ಕಾಲು ಮುರಿದುಕೊಂಡು ಅಳುತ್ತಿದ್ದವರಿಗೂ, ‘ಹಸಿರು ಬಂತಲ್ಲಪ್ಪಾ, ಪಾಸಾದೆ, ಇನ್ಯಾಕೆ ಅಳು?’ ಅನ್ನುತ್ತಿದ್ದ. ಅಳುತ್ತಿದ್ದವರು ಮೂಗು ಒರೆಸಿಕೊಂಡು ನಗುತ್ತಿದ್ದರು. ಕಪ್ಪು ಚೀಟಿ ಕಟ್ಟುವಾಗ ಮಾತ್ರ ಅವನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅವರ ಕೈಯನ್ನು ಸ್ವಲ್ಪ ಹೊತ್ತು ತನ್ನ ಕೈಯಲ್ಲೇ ಇಟ್ಟುಕೊಂಡಿರುತ್ತಿದ್ದ.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಸಂತೆ ಬೀದಿಯ ಮೇಲೆ ಮೊದಲ ಶೆಲ್ ಬಿತ್ತು. ಆಂಬುಲೆನ್ಸ್ ಹೊರಟಾಗ ಅವನೂ ಹತ್ತಿಕೊಂಡ. ಗಾಯಾಳುಗಳನ್ನು ಎತ್ತುತ್ತಿದ್ದಾಗ ಅದೇ ಜಾಗಕ್ಕೆ ಎರಡನೆಯದು ಬಿತ್ತು. ಕರೆತರಲು ಹೋದವನನ್ನೇ ಡ್ರೈವರ್ ಹೊತ್ತು ತಂದ. ಏಪ್ರನ್ ಎತ್ತಿ ನೋಡಿದೆ. ಚೂರು ಹೊಟ್ಟೆಯೊಳಗೆ ಹೋಗಿ ಪಿತ್ತಕೋಶದ ಹತ್ತಿರ ಎಲ್ಲವನ್ನೂ ಹರಿದಿತ್ತು. ಹೊಲಿಯಲು ಕಮ್ಮಿಯೆಂದರೂ ಮೂರು ಗಂಟೆ ಬೇಕು, ಬಾಟಲಿಗಟ್ಟಲೆ ರಕ್ತ ಬೇಕು. ಫ್ರಿಜ್ಜಿನಲ್ಲಿದ್ದದ್ದು ನಾಲ್ಕು ಬಾಟಲಿ. ಆಪರೇಷನ್ ಮೇಜು ಒಂದು, ಸರ್ಜನ್ ನಾನೊಬ್ಬಳೇ. ಹೊರಗೆ ತೊಡೆಯ ರಕ್ತನಾಳ ಕತ್ತರಿಸಿಹೋದ ಒಬ್ಬ ಹುಡುಗಿ, ಎದೆಗೆ ಪೆಟ್ಟುಬಿದ್ದ ಬೇಕರಿಯವನು, ಎಂಟು ತಿಂಗಳ ಬಸುರಿ. ಮೂವರಿಗೂ ತಲಾ ಮುಕ್ಕಾಲು ಗಂಟೆ ಸಾಕು.

ಬಾಗಿಲಲ್ಲಿ ತೀರ್ಮಾನ ಮಾಡುವವನೇ ಮಲಗಿದ್ದ. ಆ ಕೆಲಸ ನನ್ನ ಪಾಲಿಗೆ ಬಂತು. ಚೀಟಿಗಳೆಲ್ಲ ಅವನ ಜೇಬಿನಲ್ಲೇ ಇದ್ದವು. ಅಲ್ಲಿಂದಲೇ ತೆಗೆದೆ.

ಅವನು ನೋಡಿಬಿಟ್ಟ. ‘ಅದಲ್ಲ ಡಾಕ್ಟರಮ್ಮ, ಕೆಂಪು ಕಟ್ಟಿ’ ಅಂದ. ನಾನು ದಾರ ಬಿಡಿಸಿದೆ. ‘ಕೆಂಪೂ ಇದೆ, ಅದೇ ಜೇಬಲ್ಲಿದೆ, ಸರಿಯಾಗಿ ನೋಡಿ’ ಅಂದ. ದಾರದ ಗಂಟು ಹಾಕುತ್ತಾ, ಐದು ನಿಮಿಷದಲ್ಲಿ ಬಂದೆ ಕಣಪ್ಪಾ ಎಂದೆ. ಐದು ನಿಮಿಷ! ಬಾಯಿಗೆ ಬಂದದ್ದು ಅದೇ.

ಬೇರೆಯವರನ್ನು ಮೊದಲು ನೋಡಿ ಅಂತ ಅವನೇ ಹೇಳಿದ ಎಂದು ಇಲ್ಲಿ ಒಂದು ಕಥೆ ಹುಟ್ಟಿಕೊಂಡಿದೆ. ನಿಮ್ಮ ಕಿವಿಗೂ ಬೀಳಬಹುದು. ನಂಬಬೇಡಿ. ಅವನು ಬದುಕಬೇಕು ಅಂತಿದ್ದ. ಮೂವತ್ತೊಂದು ವರ್ಷದವನು, ಯಾಕೆ ಸಾಯಬೇಕು ಅಂದುಕೊಳ್ಳುತ್ತಾನೆ? ಅವನನ್ನು ದೇವರು ಮಾಡಿ ಕೂರಿಸಿದರೆ ನಮಗೆಲ್ಲ ನಿದ್ದೆ ಬರುತ್ತದೆ, ಅಷ್ಟೇ.

ಮಲಗಿಸಿದ್ದು ಜಗಲಿಯಲ್ಲಿ, ಆಪರೇಷನ್ ಕೋಣೆಯ ಬಾಗಿಲಿನ ಎದುರಿಗೆ. ನೆಲ ಒರೆಸುವ ಆಯಾ ಬಂದು ಅವನ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಕೂತಳು, ತಣ್ಣಗಾಗುತ್ತಿವೆ ಅಂತ. ಮನೆಯ ಹಿತ್ತಿಲ ನಲ್ಲಿ ಸೋರುತ್ತಿದೆ, ಈ ಸಲ ಹೋದಾಗ ವಾಷರ್ ಹಾಕಿಕೊಡ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದೀನಿ ಎಂದು ಅವಳಿಗೆ ಹೇಳಿದನಂತೆ. ಯಾವ ಅಳತೆಯ ವಾಷರ್ ಅಂತಲೂ ಹೇಳಿದನಂತೆ, ಪಾಪ ಅವಳಿಗೆ ನೆನಪಿಲ್ಲ. ಅಮ್ಮಾ ಅಂತ ಕರೆದ. ಎಲ್ಲರೂ ಕರೆಯುತ್ತಾರೆ. ಆದರೆ ಇವನು ಕರೆದು, ಉತ್ತರ ಬರಲಿ ಅಂತ ಕಾದು, ಮತ್ತೆ ಕರೆಯುತ್ತಿದ್ದ. ನನ್ನನ್ನೂ ಕರೆದ, ಮೂರು ಸಲ. ಬಸುರಿಯ ಹೊಟ್ಟೆಯಲ್ಲಿ ನನ್ನ ಎರಡೂ ಕೈಗಳಿದ್ದವು. ಮೂರನೆಯ ಸಲ ಬಾಗಿಲು ಮುಚ್ಚಲು ಹೇಳಿದೆ.

ನೀರು ಕೇಳಿದ. ಹೊಟ್ಟೆಗೆ ಗಾಯವಾದವರಿಗೆ ನಾವು ನೀರು ಕೊಡುವುದಿಲ್ಲ, ತುಟಿ ಒದ್ದೆ ಮಾಡುತ್ತೇವೆ. ಉಳಿಯುವುದಿಲ್ಲ ಎಂದು ಖಚಿತವಾದವರಿಗೆ ಮಾತ್ರ ಕುಡಿಸುತ್ತೇವೆ. ಇದನ್ನು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವನೇ ಅವನು. ಆಯಾ ಬಾಗಿಲು ತಟ್ಟಿ ಕೇಳಿದಳು. ಕುಡಿಸು ಎಂದೆ. ಲೋಟ ತುಟಿಗೆ ತಾಗಿದಾಗ ಅವನು ಅವಳ ಮುಖ ನೋಡಿದನಂತೆ, ಆಮೇಲೆ ಮುಚ್ಚಿದ ಬಾಗಿಲನ್ನು ನೋಡಿದನಂತೆ. ‘ಓ, ಹಂಗಾ’ ಅಂದನಂತೆ. ಪೂರ್ತಿ ಕುಡಿದ. ಅಲ್ಲಿಂದಾಚೆಗೆ ಯಾರನ್ನೂ ಕರೆಯಲಿಲ್ಲ.

ನೀವು ಕೇಳಿದ ಕೊನೆಯ ಮಾತು ಅದೇ ಅಮ್ಮಾ.

ಎರಡು ಗಂಟೆಗೆ ನಾನು ಹೊರಗೆ ಬಂದೆ. ಆಯಾ ಇನ್ನೂ ಪಾದ ಉಜ್ಜುತ್ತಲೇ ಇದ್ದಳು. ಸಾಕು ಬಿಡು ಅಂತ ನಾನೇ ಅವಳ ಕೈ ಹಿಡಿದೆ.

ಅವನಿಗೆ ಬದಲಾಗಿ ಯಾರು ಉಳಿದರು ಅಂತ ಕೇಳುವ ಹಕ್ಕು ನಿಮಗಿದೆ. ಬಸುರಿ ಮೇಜಿನ ಮೇಲೆಯೇ ಹೋದಳು, ಮಗುವೂ ಹೋಯಿತು. ಬೇಕರಿಯವನು ಮೂರು ದಿನ ಇದ್ದ. ಹುಡುಗಿ ಉಳಿದಳು, ಕಾಲು ಉಳಿಯಲಿಲ್ಲ. ಅವಳ ಚಿಕ್ಕಮ್ಮ ಬಂದು ಎತ್ತಿಕೊಂಡು ಹೋದಳು. ಅವರು ಹೋದ ಊರಿನ ಮೇಲೂ ಈಗ ಶೆಲ್ ಬೀಳುತ್ತಿದೆ. ನಾನು ಮಾಡಿದ್ದು ಸರಿ ಎಂದು ನಮ್ಮವರೆಲ್ಲ ಹೇಳುತ್ತಾರೆ. ಪುಸ್ತಕವೂ ಹಾಗೇ ಹೇಳುತ್ತದೆ. ಸರಿ ಮಾಡಿದವಳ ಗಂಟಲಲ್ಲಿ ಅನ್ನ ಇಳಿಯಬೇಕಲ್ಲವೇ ಅಮ್ಮಾ?

ಕ್ಷಮಿಸಿ ಎಂದು ಕೇಳುತ್ತಿಲ್ಲ. ಕೇಳಿದರೆ ನಿಮ್ಮ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ. ಶಾಪ ಹಾಕುವುದಿದ್ದರೆ ಹಾಕಿ. ಯಾರಿಗೆ ಹಾಕಬೇಕು ಅನ್ನುವುದಾದರೂ ನಿಮಗೆ ಗೊತ್ತಿರಲಿ ಅಂತ ಇಷ್ಟು ಬರೆದೆ.

ನಿಮ್ಮ ಮಗನ ಕೈಗೆ ಆ ಚೀಟಿ ಕಟ್ಟಿದವಳು,
ಡಾಕ್ಟರಮ್ಮ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿದದ್ದು: ನಿಮ್ಮ ಕಿರಿಮಗಳೂ ನರ್ಸಿಂಗ್ ಮುಗಿಸಿದ್ದಾಳಂತೆ. ಅಣ್ಣನ ಜಾಗಕ್ಕೆ ಅರ್ಜಿ ಹಾಕಿದ್ದಾಳೆ. ನಿಮಗೆ ಹೇಳಿದ್ದಾಳೋ ಇಲ್ಲವೋ ತಿಳಿಯದು. ಬೇಡ ಎಂದು ಬರೆಯುವ ಅಧಿಕಾರ ನನಗಿತ್ತು. ಮೂರು ದಿನ ಅರ್ಜಿಯನ್ನು ಮುಟ್ಟಲಿಲ್ಲ. ನಾಲ್ಕನೆಯ ಬೆಳಿಗ್ಗೆ ಬಾಗಿಲಲ್ಲಿ ಇಪ್ಪತ್ತಾರು ಗಾಯಾಳುಗಳು, ಚೀಟಿ ಕಟ್ಟಲು ಒಬ್ಬರೂ ಇಲ್ಲ. ಆ ಸಂಜೆ ಒಪ್ಪಿಗೆಯ ಸಹಿ ಹಾಕಿಬಿಟ್ಟೆ. ಒಂದನೇ ತಾರೀಕು ಅವಳನ್ನು ಕರೆತರಲು ಗಾಡಿ ಬರುತ್ತದೆ. ಅದಕ್ಕೆ ಮೊದಲು ಈ ಪತ್ರ ಸಿಕ್ಕರೆ ಅವಳಿಗೆ ಒಂದಕ್ಷರ ಬಿಡದೆ ಓದಿ ಹೇಳಿ. ನನ್ನ ಕೈಲಂತೂ ಆಗಲಿಲ್ಲ. ನಿಮ್ಮ ಕೈಲಾದರೆ ತಡೆಯಿರಿ.